ಸ್ವಿಚ್‌ನಲ್ಲಿ ಕ್ಯೂಒಎಸ್: ಸರದಿ ಎಲ್ಲಿ ಬೆಳೆಯುತ್ತದೋ ಅಲ್ಲೇ ಆದ್ಯತೆ ಕೊಡಿ

ಕಚೇರಿಗೆ ಐಪಿ ಫೋನ್ ಹಾಕಿಸಿದ ಮೇಲೆ ಬರುವ ದೂರು ಬಹುತೇಕ ಒಂದೇ. ಮಾತು ಆಗಾಗ ತುಂಡಾಗುತ್ತದೆ, ಬ್ಯಾಕಪ್ ಓಡುವ ಹೊತ್ತಿಗೆ ಇನ್ನೂ ಜಾಸ್ತಿ. ಮಾನಿಟರಿಂಗ್ ಗ್ರಾಫ್ ತೆರೆದರೆ 1 ಜಿಬಿಪಿಎಸ್ ಅಪ್‌ಲಿಂಕ್ (ಒಂದು ಸ್ವಿಚ್‌ನಿಂದ ಮುಂದಿನ ಸ್ವಿಚ್ ಅಥವಾ ರೂಟರ್‌ಗೆ ಹೋಗುವ ಲಿಂಕ್) ಶೇ. 20 ಕೂಡ ದಾಟಿರುವುದಿಲ್ಲ. ಹಾಗಾದರೆ ಪ್ಯಾಕೆಟ್ ಎಲ್ಲಿ ಹೋಯಿತು?

ಗ್ರಾಫ್ ತೋರಿಸುವುದು 5 ನಿಮಿಷದ ಸರಾಸರಿ. 300 ಸೆಕೆಂಡಿನಲ್ಲಿ ಒಂದೇ ಒಂದು ಸೆಕೆಂಡು ಲಿಂಕ್ ಪೂರ್ತಿ ತುಂಬಿದ್ದರೂ ಸರಾಸರಿಗೆ ಅದು ಸೇರಿಸುವುದು ಶೇ. 0.33 ಮಾತ್ರ. ಆದರೆ ಸ್ವಿಚ್‌ನ, ಅಂದರೆ ಕಚೇರಿಯ ಫೋನ್, ಕಂಪ್ಯೂಟರ್‌ಗಳನ್ನು ಜಾಲಕ್ಕೆ ಜೋಡಿಸುವ ಸಾಧನದ, ಬಫರ್ (ಹೊರಹೋಗಲು ಕಾಯುವ ಪ್ಯಾಕೆಟ್ ನಿಲ್ಲುವ ಜಾಗ) ತುಂಬಲು ಒಂದು ಸೆಕೆಂಡು ಬೇಡ. ಎರಡು 1 ಜಿಬಿಪಿಎಸ್ ಪೋರ್ಟ್‌ಗಳಿಂದ ಒಂದೇ ಹೊತ್ತಿಗೆ ಬಂದ ಡೇಟಾ ಮೂರನೆಯ 1 ಜಿಬಿಪಿಎಸ್ ಪೋರ್ಟ್‌ನಿಂದ ಹೊರಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಹೆಚ್ಚುವರಿ 1 ಜಿಬಿಪಿಎಸ್ ಬಫರ್‌ಗೆ ಸುರಿಯುತ್ತದೆ, 1 ಎಂಬಿ ಬಫರ್ 8 ಮಿಲಿಸೆಕೆಂಡಿನಲ್ಲಿ ಭರ್ತಿ. 10 ಜಿಬಿಪಿಎಸ್ ಸರ್ವರ್ ಪೋರ್ಟ್‌ನಿಂದ 1 ಜಿಬಿಪಿಎಸ್ ಪೋರ್ಟ್‌ಗೆ ಇಳಿಯುವುದಾದರೆ ಒಂದು ಮಿಲಿಸೆಕೆಂಡೂ ಸಾಕಾಗುತ್ತದೆ. ಅಲ್ಲಿಂದ ಮುಂದೆ ಬಂದದ್ದೆಲ್ಲ ಬೀಳುತ್ತದೆ, ಮಾತಿನ ಪ್ಯಾಕೆಟ್ ಎಂಬ ವಿನಾಯಿತಿ ಇಲ್ಲ. ಫೈಲ್ ಕಾಪಿ ಆಗುವಾಗ ಒಂದು ಪ್ಯಾಕೆಟ್ ಬಿದ್ದರೆ ಟಿಸಿಪಿ ಮತ್ತೆ ಕಳಿಸುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮಾತಿನ ಪ್ಯಾಕೆಟ್ ಯುಡಿಪಿಯಲ್ಲಿ ಹೋಗುವಂಥದ್ದು, ಬಿದ್ದರೆ ಹೋಯಿತು.

ಕ್ಯೂಒಎಸ್ (ಕ್ವಾಲಿಟಿ ಆಫ್ ಸರ್ವಿಸ್) ಬ್ಯಾಂಡ್‌ವಿಡ್ತ್ ಹೆಚ್ಚಿಸುವುದಿಲ್ಲ. ಒಂದು ಪೋರ್ಟ್‌ನ ಬಾಗಿಲಲ್ಲಿ ಸರದಿ ಬೆಳೆದಾಗ ಯಾರು ಮೊದಲು ಹೋಗಬೇಕು, ಜಾಗ ಸಾಲದಿದ್ದರೆ ಯಾರನ್ನು ಕೈಬಿಡಬೇಕು ಎಂದು ತೀರ್ಮಾನಿಸುತ್ತದೆ, ಅಷ್ಟೇ. ಸರದಿಯೇ ಇಲ್ಲದ ಪೋರ್ಟ್‌ನಲ್ಲಿ ಎಷ್ಟು ಆದ್ಯತೆ ಕೊಟ್ಟರೂ ಏನೂ ಬದಲಾಗದು. ಆದ್ದರಿಂದ ಕಾನ್ಫಿಗರೇಶನ್ ಮುಟ್ಟುವ ಮೊದಲು ಎಲ್ಲ ಪೋರ್ಟ್‌ಗಳ ಔಟ್‌ಪುಟ್ ಡ್ರಾಪ್ ಕೌಂಟರ್ (ಹೊರಹೋಗುವಾಗ ಬಿದ್ದ ಪ್ಯಾಕೆಟ್‌ಗಳ ಎಣಿಕೆ) ಬರೆದಿಟ್ಟುಕೊಂಡು, ದೂರು ಬರುವ ಹೊತ್ತಿನಲ್ಲಿ ಮತ್ತೆ ನೋಡಬೇಕು. ಯಾವ ಪೋರ್ಟ್‌ನಲ್ಲಿ ಸಂಖ್ಯೆ ಏರುತ್ತಿದೆಯೋ ಅಲ್ಲೇ ಕೆಲಸ. ಎಲ್ಲೂ ಏರದೆ, ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟುಬಂದ ಫ್ರೇಮ್‌ಗಳ ಎಣಿಕೆ) ಏರುತ್ತಿದ್ದರೆ ಅದು ಕೇಬಲ್ಲಿನ ಅಥವಾ ಡ್ಯೂಪ್ಲೆಕ್ಸ್ ಹೊಂದಾಣಿಕೆಯ ತೊಂದರೆ. ಕ್ಯೂಒಎಸ್‌ನಿಂದ ಅದು ಸರಿಹೋಗುವುದಿಲ್ಲ.

ಮಾತಿಗೆ ಬೇಕಾದ್ದು ಎಷ್ಟು

ಜಿ.711 ಕೋಡೆಕ್‌ನ (ಧ್ವನಿಯನ್ನು ಡಿಜಿಟಲ್ ಮಾಡುವ ಒಂದು ವಿಧಾನ) ಒಂದು ಕರೆ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತದೆ, ಅಂದರೆ ಸೆಕೆಂಡಿಗೆ 50. ಪ್ರತಿಯೊಂದರಲ್ಲಿ ಧ್ವನಿ 160 ಬೈಟ್. ಆರ್‌ಟಿಪಿ, ಯುಡಿಪಿ, ಐಪಿ ಹೆಡರ್ ಸೇರಿ 200 ಬೈಟ್. ಈಥರ್ನೆಟ್ ಹೆಡರ್, ವಿಲ್ಯಾನ್ ಟ್ಯಾಗ್ (ಒಂದೇ ತಂತಿಯಲ್ಲಿ ಹೋಗುವ ಬೇರೆ ಬೇರೆ ಜಾಲಗಳನ್ನು ಗುರುತಿಸುವ ಚೀಟಿ), ಪ್ರಿಯಾಂಬಲ್, ಫ್ರೇಮ್‌ಗಳ ನಡುವಿನ ಅಂತರ ಎಲ್ಲ ಕೂಡಿದರೆ ತಂತಿಯ ಮೇಲೆ 242 ಬೈಟ್. ಲೆಕ್ಕ ಹಾಕಿದರೆ ಒಂದು ದಿಕ್ಕಿಗೆ 96.8 ಕೆಬಿಪಿಎಸ್. 40 ಕರೆ ಒಟ್ಟಿಗೆ ನಡೆದರೂ 4 ಎಂಬಿಪಿಎಸ್ ಒಳಗೇ. 1 ಜಿಬಿಪಿಎಸ್ ಅಪ್‌ಲಿಂಕ್‌ನಲ್ಲಿ ಇದು ಶೇ. 0.4 ಕೂಡ ಅಲ್ಲ. ಇಷ್ಟು ಸಣ್ಣ ಪಾಲಿಗೆ ಸಂಪೂರ್ಣ ಆದ್ಯತೆ ಕೊಟ್ಟರೆ ಬೇರೆ ಯಾರಿಗೂ ನಷ್ಟವಾಗುವುದಿಲ್ಲ.

ಸಂಪೂರ್ಣ ಆದ್ಯತೆ ಎಂದರೂ ಆಗಲೇ ಹೊರಡುತ್ತಿರುವ ಫ್ರೇಮನ್ನು ಅರ್ಧಕ್ಕೆ ನಿಲ್ಲಿಸಲಾಗುವುದಿಲ್ಲ. 1500 ಬೈಟ್ ಡೇಟಾ ಹೊತ್ತ ಫ್ರೇಮ್ ತಂತಿಯ ಮೇಲೆ 1538 ಬೈಟ್ ಜಾಗ ತಿನ್ನುತ್ತದೆ. ಅದು ದಾಟಲು 1 ಜಿಬಿಪಿಎಸ್ ಪೋರ್ಟ್‌ನಲ್ಲಿ 12.3 ಮೈಕ್ರೋಸೆಕೆಂಡು, 100 ಎಂಬಿಪಿಎಸ್‌ನಲ್ಲಿ 123 ಮೈಕ್ರೋಸೆಕೆಂಡು ಬೇಕು. ಐಟಿಯುನ (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಜಿ.114 ಶಿಫಾರಸಿನ ಪ್ರಕಾರ ಮಾತಿಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇದ್ದರೆ ಸಾಕು. ಆ ಅಳತೆಯ ಮುಂದೆ ಈ ಕಾಯುವಿಕೆ ಏನೂ ಅಲ್ಲ. ಆದ್ಯತೆ ಇಲ್ಲದಿದ್ದರೆ? 100 ಎಂಬಿಪಿಎಸ್ ಪೋರ್ಟ್‌ನ ಮುಂದೆ 1 ಎಂಬಿ ಸರದಿ ತುಂಬಿದ್ದರೆ ಕೊನೆಯಲ್ಲಿ ನಿಂತ ಪ್ಯಾಕೆಟ್‌ಗೆ 80 ಮಿಲಿಸೆಕೆಂಡು ಕಾಯುವ ಪಾಡು.

ಗುರುತು ಎಲ್ಲಿರುತ್ತದೆ

ಪ್ಯಾಕೆಟ್ ಯಾವ ದರ್ಜೆಯದು ಎಂದು ಹೇಳುವ ಗುರುತು ಎರಡು ಕಡೆ ಇರಬಹುದು. ಒಂದು, ವಿಲ್ಯಾನ್ ಟ್ಯಾಗ್‌ನೊಳಗಿನ 3 ಬಿಟ್. ಇದನ್ನು ಪಿಸಿಪಿ, 802.1ಪಿ, ಸಿಸ್ಕೋದವರ ಬಾಯಲ್ಲಿ ಸಿಒಎಸ್ ಎನ್ನುತ್ತಾರೆ; ಬೆಲೆ 0ಯಿಂದ 7. ಇನ್ನೊಂದು, ಐಪಿ ಹೆಡರ್‌ನ ಟಿಒಎಸ್ ಬೈಟ್‌ನ ಮೇಲಿನ 6 ಬಿಟ್. ಇದು ಡಿಎಸ್‌ಸಿಪಿ, ಬೆಲೆ 0ಯಿಂದ 63. 1998ರ ಆರ್‌ಎಫ್‌ಸಿ 2474 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಇದನ್ನು ನಿಗದಿ ಮಾಡಿತು. ಸಿಒಎಸ್ ಬದುಕುವುದು ಟ್ಯಾಗ್ ಇರುವಷ್ಟು ದೂರ ಮಾತ್ರ. ಟ್ಯಾಗ್ ಇಲ್ಲದ ಆಕ್ಸೆಸ್ ಪೋರ್ಟ್‌ನಲ್ಲಿ ಅದು ಇರುವುದೇ ಇಲ್ಲ, ರೂಟರ್ ದಾಟಿದರೆ ಕಳಚಿಹೋಗುತ್ತದೆ. ಡಿಎಸ್‌ಸಿಪಿ ಐಪಿ ಪ್ಯಾಕೆಟ್‌ನ ಜೊತೆಗೇ ಕೊನೆಯವರೆಗೆ ಹೋಗುತ್ತದೆ. ಆದ್ದರಿಂದ ಯೋಜನೆಯನ್ನು ಡಿಎಸ್‌ಸಿಪಿಯಲ್ಲೇ ಬರೆಯಿರಿ, ಸಿಒಎಸ್ ಅನಿವಾರ್ಯ ಇರುವಲ್ಲಿ ಮಾತ್ರ ಬಳಸಿ.

ದರ್ಜೆಗಳು ಐದಾದರೆ ಧಾರಾಳವಾಯಿತು. ಮಾತಿಗೆ 46, ವಿಡಿಯೋ ಸಭೆಗೆ 34, ಕರೆ ಜೋಡಿಸುವ ಸಿಗ್ನಲಿಂಗ್‌ಗೆ 24, ಉಳಿದೆಲ್ಲಕ್ಕೂ 0, ಬ್ಯಾಕಪ್ ಮತ್ತು ಅಪ್‌ಡೇಟ್ ಡೌನ್‌ಲೋಡ್‌ಗೆ 8. ಹನ್ನೆರಡು ದರ್ಜೆಯ ಮಾದರಿ ಆರ್‌ಎಫ್‌ಸಿ 4594ರಲ್ಲಿದೆ. ದೊಡ್ಡ ಜಾಲಗಳಿಗೆ ಅದು ಸರಿ. ನಾಲ್ಕು ಸರದಿ ಇರುವ ಸ್ವಿಚ್‌ಗೆ ಅದನ್ನು ತಂದು ತುಂಬಿದರೆ ಮೂರು ಮೂರು ದರ್ಜೆ ಒಂದೇ ಸರದಿಗೆ ಬೀಳುತ್ತವೆ, ನೋಡಿಕೊಳ್ಳುವವರಿಗೆ ತಲೆಬೇನೆ ಬಿಟ್ಟು ಬೇರೇನೂ ಸಿಗದು. ಬ್ಯಾಕಪ್ಪನ್ನು ಕೆಳಕ್ಕೆ ಇಳಿಸುವುದು ಮಾತನ್ನು ಮೇಲಕ್ಕೆ ಏರಿಸಿದಷ್ಟೇ ಉಪಯೋಗದ ಕೆಲಸ. ಹಲವರು ಅದನ್ನೇ ಮರೆಯುತ್ತಾರೆ.

ಇಲ್ಲಿ ಎರಡು ಕಡೆ ಎಡವುವವರು ಬಹಳ. ಮೊದಲನೆಯದು ಸಿಒಎಸ್ 1. ಸೊನ್ನೆಗಿಂತ ಒಂದು ದೊಡ್ಡದು ಎಂದು ಮುಖ್ಯ ಸರ್ವರ್‌ಗೆ 1 ಕೊಡುತ್ತಾರೆ. ಆದರೆ 802.1ಕ್ಯೂ ಮಾನದಂಡದಲ್ಲಿ 1 ಎಂದರೆ ಹಿನ್ನೆಲೆ ಕೆಲಸ, ಅದರ ಸ್ಥಾನ ಸೊನ್ನೆಗಿಂತ ಕೆಳಗೆ. ಎರಡನೆಯದು 46 ಮತ್ತು 184. ಕೆಲವು ಫೋನ್ ಮತ್ತು ಪಿಬಿಎಕ್ಸ್‌ಗಳ (ಕಚೇರಿಯ ಫೋನ್ ಎಕ್ಸ್‌ಚೇಂಜ್) ಸೆಟ್ಟಿಂಗ್ ಡಿಎಸ್‌ಸಿಪಿ ಕೇಳುತ್ತದೆ, ಕೆಲವು ಟಿಒಎಸ್ ಬೈಟ್ ಪೂರ್ತಿ ಕೇಳುತ್ತವೆ. ಟಿಒಎಸ್ ಕೇಳುವಲ್ಲಿ 46ನ್ನು ನಾಲ್ಕರಿಂದ ಗುಣಿಸಿ 184 ಹಾಕಬೇಕು. ಅಲ್ಲಿ 46 ಎಂದೇ ಬರೆದರೆ ಬೈಟ್ 00101110 ಆಗುತ್ತದೆ. ಮೇಲಿನ ಆರು ಬಿಟ್ 001011, ಅಂದರೆ ಡಿಎಸ್‌ಸಿಪಿ 11. ಉಳಿದ 10 ಎಂಬ ಎರಡು ಬಿಟ್ ಇಸಿಎನ್‌ಗೆ (ದಟ್ಟಣೆ ತಿಳಿಸುವ ಗುರುತು) ಸೇರಿದ್ದು. 11ರ ಗುರುತು ಸಾಮಾನ್ಯ ನಕ್ಷೆಗಳಲ್ಲಿ (ಯಾವ ಗುರುತು ಯಾವ ಸರದಿಗೆ ಎಂಬ ಪಟ್ಟಿ) ಮಾತಿನ ಸರದಿಗೆ ಹೋಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ನೋಡಿದರೆ 46 ಎಂದೇ ಇರುವುದರಿಂದ ತಪ್ಪು ಎಲ್ಲಿದೆ ಎಂದು ಬೇಗ ಹೊಳೆಯುವುದೂ ಇಲ್ಲ.

ಯಾರ ಗುರುತನ್ನು ನಂಬುವುದು

ಸಿಸ್ಕೋ ಕ್ಯಾಟಲಿಸ್ಟ್ 2960, 3560, 3750 ಸರಣಿಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹಳೆಯವಾದರೂ ಎಷ್ಟೋ ಕಚೇರಿಗಳ ರ‍್ಯಾಕ್‌ನಲ್ಲಿ ಇನ್ನೂ ಓಡುತ್ತಿವೆ, ಕ್ಯೂಒಎಸ್ ಕೆಟ್ಟಾಗ ಹೇಗೆ ಕೆಡುತ್ತದೆ ಎಂಬುದೂ ಇವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇವುಗಳಲ್ಲಿ ಕ್ಯೂಒಎಸ್ ಮೊದಲಿಗೆ ಬಂದ್ ಆಗಿರುತ್ತದೆ. ಬಂದ್ ಇರುವಾಗ ಸ್ವಿಚ್ ಗುರುತುಗಳನ್ನು ಮುಟ್ಟದೆ ಹಾಗೇ ಸಾಗಿಸುತ್ತದೆ. ‘ಎಂಎಲ್‌ಎಸ್ ಕ್ಯೂಒಎಸ್’ ಎಂಬ ಒಂದೇ ಕಮಾಂಡ್ ಕೊಟ್ಟ ಕ್ಷಣ ಎಲ್ಲ ಪೋರ್ಟ್‌ಗಳೂ ನಂಬಿಕೆಗೆ ಅರ್ಹವಲ್ಲದ ಸ್ಥಿತಿಗೆ ಹೋಗುತ್ತವೆ. ಒಳಗೆ ಬಂದ ಪ್ರತಿ ಪ್ಯಾಕೆಟ್‌ನ ಡಿಎಸ್‌ಸಿಪಿಯನ್ನು ಸ್ವಿಚ್ ಅಳಿಸಿ 0 ಬರೆಯುತ್ತದೆ. ಆ ಒಂದು ಸಾಲು ಹಾಕಿ ಅಲ್ಲಿಗೇ ಬಿಟ್ಟರೆ ಮುಂಚೆಗಿಂತ ಕೆಡುಕೇ ಆಗುವುದು ಇದರಿಂದ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಅಪ್‌ಲಿಂಕ್‌ನ ಎರಡೂ ತುದಿಯಲ್ಲಿ ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿಎಸ್‌ಸಿಪಿ’ ಹಾಕಿ. ಅಪ್‌ಲಿಂಕ್ ಮರೆತರೆ ಆ ಕಡೆಯಿಂದ ಬರುವ ಮಾತಿನ ಗುರುತೆಲ್ಲ ಅಳಿಸಿಹೋಗುತ್ತದೆ. ನಮ್ಮ ಮಾತು ಅವರಿಗೆ ಚೆನ್ನಾಗಿ ಕೇಳುತ್ತದೆ, ಅವರ ಮಾತು ನಮಗೆ ತುಂಡಾಗುತ್ತದೆ. ಒಂದೇ ದಿಕ್ಕಿನ ದೂರು ಬಂದಾಗ ಮೊದಲು ನೋಡಬೇಕಾದ ಜಾಗ ಇದೇ.

ಫೋನ್ ಇರುವ ಪೋರ್ಟ್‌ನಲ್ಲಿ ವಿಚಾರ ಸ್ವಲ್ಪ ಸೂಕ್ಷ್ಮ. ಫೋನಿನ ಹಿಂದೆ ಕಂಪ್ಯೂಟರ್ ಇರುತ್ತದೆ. ಫೋನ್ ತನ್ನ ಮಾತನ್ನು ವಾಯ್ಸ್ ವಿಲ್ಯಾನ್ ಟ್ಯಾಗ್‌ನೊಂದಿಗೆ, ಸಿಒಎಸ್ 5 ಹಾಕಿ ಕಳಿಸುತ್ತದೆ. ಕಂಪ್ಯೂಟರ್‌ನ ಫ್ರೇಮ್ ಟ್ಯಾಗ್ ಇಲ್ಲದೆ ಬರುತ್ತದೆ, ಆದರೆ ಅದರೊಳಗಿನ ಡಿಎಸ್‌ಸಿಪಿಯನ್ನು ಫೋನ್ ಅಳಿಸುವುದಿಲ್ಲ. ಇಲ್ಲಿ ಡಿಎಸ್‌ಸಿಪಿಯನ್ನು ನಂಬಿದರೆ ಕಂಪ್ಯೂಟರ್‌ನ ಯಾವುದೋ ಪ್ರೋಗ್ರಾಂ 46 ಬರೆದುಕೊಂಡು ಮಾತಿನ ಸರದಿಗೆ ನುಗ್ಗಬಹುದು. ಸಿಒಎಸ್ ನಂಬಿದರೆ ಟ್ಯಾಗ್ ಇಲ್ಲದ ಕಂಪ್ಯೂಟರ್ ಫ್ರೇಮ್‌ಗಳಿಗೆ 0 ಸಿಗುತ್ತದೆ, ಫೋನಿಗೆ ಅದರ 5 ಉಳಿಯುತ್ತದೆ. ಆದ್ದರಿಂದ ಫೋನ್ ಪೋರ್ಟ್‌ನಲ್ಲಿ ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಸಿಒಎಸ್’, ಜೊತೆಗೆ ‘ಎಂಎಲ್‌ಎಸ್ ಕ್ಯೂಒಎಸ್ ಟ್ರಸ್ಟ್ ಡಿವೈಸ್ ಸಿಸ್ಕೋ-ಫೋನ್’. ಎರಡನೆಯದು ಸಿಡಿಪಿ (ಸಿಸ್ಕೋ ಸಾಧನಗಳು ಪರಸ್ಪರ ಗುರುತು ಹೇಳಿಕೊಳ್ಳುವ ಪ್ರೋಟೋಕಾಲ್) ಮೂಲಕ ಸಿಸ್ಕೋ ಫೋನ್ ಕಂಡಾಗ ಮಾತ್ರ ನಂಬು ಎನ್ನುತ್ತದೆ. ಬೇರೆ ಕಂಪನಿಯ ಫೋನ್ ಇದ್ದರೆ ಆ ಸಾಲು ಹಾಕಬಾರದು. ಹಾಕಿದರೆ ನಂಬಿಕೆ ಎಂದಿಗೂ ಚಾಲೂ ಆಗುವುದಿಲ್ಲ. ಅಂಥ ಫೋನ್‌ಗಳಿಗೆ ವಾಯ್ಸ್ ವಿಲ್ಯಾನ್, ಸಿಒಎಸ್, ಡಿಎಸ್‌ಸಿಪಿ ಮೂರನ್ನೂ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಅಂಥದ್ದೇ ಪ್ರೋಟೋಕಾಲ್ ಎಲ್‌ಎಲ್‌ಡಿಪಿ-ಮೆಡ್ ಮೂಲಕ ತಿಳಿಸಬಹುದು.

ಇಲ್ಲೊಂದು ಕೊಕ್ಕೆ ಇದೆ. ಸಿಒಎಸ್ 5 ಎಂದು ಬಂದುದನ್ನು ಸ್ವಿಚ್ ತನ್ನ ಮೂಲ ನಕ್ಷೆಯಂತೆ ಡಿಎಸ್‌ಸಿಪಿ 40 ಮಾಡುತ್ತದೆ, 46 ಅಲ್ಲ. ಮುಂದಿನ ಸ್ವಿಚ್ ಅಥವಾ ರೂಟರ್ 46ನ್ನೇ ಹುಡುಕುತ್ತಿದ್ದರೆ ಅದಕ್ಕೆ ಮಾತು ಸಿಗುವುದೇ ಇಲ್ಲ. ‘ಎಂಎಲ್‌ಎಸ್ ಕ್ಯೂಒಎಸ್ ಮ್ಯಾಪ್ ಸಿಒಎಸ್-ಡಿಎಸ್‌ಸಿಪಿ 0 8 16 24 32 46 48 56’ ಎಂಬ ಸಾಲು ಕಡ್ಡಾಯ. ಆರನೆಯ ಅಂಕೆ 46 ಇದೆಯೇ ಎಂದು ಎರಡು ಸಲ ನೋಡಿ.

ಕಂಪ್ಯೂಟರ್‌ನಿಂದಲೇ ವಿಡಿಯೋ ಸಭೆ ನಡೆಸುವವರಿಗೆ ಬೇರೆ ದಾರಿ ಬೇಕು. ಮೈಕ್ರೋಸಾಫ್ಟ್ ಟೀಮ್ಸ್ ಕ್ಲೈಂಟ್‌ಗೆ ಮೈಕ್ರೋಸಾಫ್ಟ್ ಸೂಚಿಸುವ ಪೋರ್ಟ್ ಸಂಖ್ಯೆಗಳ ಸಾಲುಗಳು (ಸ್ವಿಚ್‌ನ ಪೋರ್ಟ್ ಅಲ್ಲ, ಪ್ಯಾಕೆಟ್‌ನೊಳಗಿನ ಯುಡಿಪಿ ಪೋರ್ಟ್ ಸಂಖ್ಯೆ) ಧ್ವನಿಗೆ 50000–50019, ವಿಡಿಯೋಗೆ 50020–50039, ಸ್ಕ್ರೀನ್ ಹಂಚಿಕೆಗೆ 50040–50059. ಅಡ್ಮಿನ್ ಸೆಂಟರ್‌ನಲ್ಲಿ ಈ ಸಾಲುಗಳನ್ನು ನಿಗದಿ ಮಾಡಿ, ವಿಂಡೋಸ್ ಗ್ರೂಪ್ ಪಾಲಿಸಿಯಲ್ಲಿ ಕ್ರಮವಾಗಿ 46, 34, 18 ಕೊಡಬಹುದು. ಪ್ರೋಗ್ರಾಂ ತಾನಾಗಿ ಟಿಒಎಸ್ ಬರೆಯಲು ಹೋದರೆ ವಿಂಡೋಸ್ ಸಾಮಾನ್ಯವಾಗಿ ಅದನ್ನು ಲೆಕ್ಕಿಸುವುದಿಲ್ಲ, ಪಾಲಿಸಿಯೇ ಬೇಕು. ನನ್ನ ಒಲವು ಮಾತ್ರ ಸ್ವಿಚ್‌ನ ಕಡೆಗೆ: ಆಕ್ಸೆಸ್ ಪೋರ್ಟ್‌ನ ಒಳಬರುವ ದಿಕ್ಕಿನಲ್ಲಿ ಈ ಯುಡಿಪಿ ಸೋರ್ಸ್ ಪೋರ್ಟ್‌ಗಳನ್ನು ಎಸಿಎಲ್‌ನಿಂದ (ಪ್ಯಾಕೆಟ್ ಆಯ್ದುಕೊಳ್ಳುವ ನಿಯಮಗಳ ಪಟ್ಟಿ) ಗುರುತಿಸಿ ಅಲ್ಲೇ ಡಿಎಸ್‌ಸಿಪಿ ಬರೆಸುವುದು. ಆಗ ಡೊಮೈನ್‌ಗೆ ಸೇರದ ಲ್ಯಾಪ್‌ಟಾಪ್‌ಗೂ ಅದೇ ನಿಯಮ ಅನ್ವಯಿಸುತ್ತದೆ. ಹಾಗೆ ಮಾಡುವಾಗ ಆ ಪೋರ್ಟ್‌ನಲ್ಲಿ ಟ್ರಸ್ಟ್ ಸಾಲನ್ನು ಬಿಟ್ಟು, ಮಾತಿನ ಗುರುತನ್ನೂ ಪಾಲಿಸಿಯೊಳಗೇ ಬರೆಯಬೇಕು.

ಹೊರಹೋಗುವ ನಾಲ್ಕು ಸರದಿ

ಈ ಸರಣಿಯ ಪ್ರತಿ ಪೋರ್ಟ್‌ಗೂ ಹೊರಹೋಗುವ ಸರದಿ ನಾಲ್ಕು. ಮೂಲ ನಕ್ಷೆಯಲ್ಲಿ ಡಿಎಸ್‌ಸಿಪಿ 40ರಿಂದ 47 ಮೊದಲ ಸರದಿಗೆ, 0ಯಿಂದ 15 ಎರಡನೆಯದಕ್ಕೆ, 16ರಿಂದ 31 ಮೂರಕ್ಕೆ, 32ರಿಂದ 39 ಮತ್ತು 48ರಿಂದ 63 ನಾಲ್ಕಕ್ಕೆ ಹೋಗುತ್ತವೆ. ನಮ್ಮ ಐದು ದರ್ಜೆಗೆ ಹೊಂದಿಸಲು 34, 48, 56ನ್ನು ಮೂರನೆಯ ಸರದಿಗೆ ತಂದು, 8ನ್ನು ನಾಲ್ಕಕ್ಕೆ ಕಳಿಸಿದರೆ ಸಾಕು. ಸಿಒಎಸ್‌ಗೂ ಇಂಥದ್ದೇ ಬೇರೆ ನಕ್ಷೆ ಇದೆ. ಸಿಒಎಸ್ ನಂಬುವ ಪೋರ್ಟ್‌ನಿಂದ ಒಳಬಂದ ಪ್ಯಾಕೆಟ್ ಆ ನಕ್ಷೆಯನ್ನು ಅನುಸರಿಸುವುದರಿಂದ ಎರಡನ್ನೂ ಒಟ್ಟಿಗೇ ತಿದ್ದಬೇಕು.

ನಂತರ ಸರದಿಗಳ ಪಾಲು. ಪ್ರತಿ ಪೋರ್ಟ್‌ನಲ್ಲಿ ‘ಪ್ರಯಾರಿಟಿ-ಕ್ಯೂ ಔಟ್’ ಹಾಕಿದರೆ ಮೊದಲ ಸರದಿ ಸಂಪೂರ್ಣ ಆದ್ಯತೆಯದು: ಅದರಲ್ಲಿ ಒಂದು ಪ್ಯಾಕೆಟ್ ಇದ್ದರೂ ಉಳಿದವು ಕಾಯುತ್ತವೆ. ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಶೇರ್ 1 55 35 10’ ಎಂದರೆ ಉಳಿದ ಮೂರಕ್ಕೆ 55:35:10 ಅನುಪಾತ. ಇದು ಮಿತಿಯಲ್ಲ, ಕನಿಷ್ಠ ಪಾಲು. ಬೇರೆ ಸರದಿ ಖಾಲಿ ಇದ್ದರೆ ಬ್ಯಾಕಪ್ ಪೂರ್ತಿ 1 ಜಿಬಿಪಿಎಸ್ ಬಳಸಿಕೊಳ್ಳುತ್ತದೆ.

‘ಪ್ರಯಾರಿಟಿ-ಕ್ಯೂ ಔಟ್’ ಮರೆತರೆ ಆಗುವುದು ಬರೀ ಆದ್ಯತೆಯ ನಷ್ಟವಲ್ಲ. ಈ ಸ್ವಿಚ್‌ಗಳ ಮೂಲ ಸೆಟ್ಟಿಂಗ್‌ನಲ್ಲಿ ಮೊದಲ ಸರದಿಗೆ ಶೇಪ್ 25 ಎಂದಿರುತ್ತದೆ. ಅದರ ಅರ್ಥ ಪೋರ್ಟ್ ವೇಗದ 25ರಲ್ಲಿ ಒಂದು ಭಾಗ, ಶೇ. 4. 100 ಎಂಬಿಪಿಎಸ್ ಅಪ್‌ಲಿಂಕ್‌ನಲ್ಲಿ 4 ಎಂಬಿಪಿಎಸ್. ಮೇಲೆ ಲೆಕ್ಕ ಹಾಕಿದ 40 ಕರೆಗಳು ಆ ಅಂಚಿನಲ್ಲೇ ಇವೆ, ಇನ್ನೆರಡು ಕರೆ ಸೇರಿದರೆ ಎಲ್ಲರ ಮಾತೂ ಒಟ್ಟಿಗೆ ಹಾಳು. ಲಿಂಕ್ ಖಾಲಿ ಬಿದ್ದಿದ್ದರೂ ಹೀಗಾಗುತ್ತದೆ, ಏಕೆಂದರೆ ಶೇಪ್ ನಿಜವಾದ ಮಿತಿ.

ಮಾತಿನ ಸರದಿಗೆ ಬೇರೇನನ್ನೂ ಹಾಕಬೇಡಿ. ನಿರ್ದೇಶಕರ ಕಂಪ್ಯೂಟರ್, ಮುಖ್ಯ ಸರ್ವರ್, ಸಿಸಿಟಿವಿ ಎಲ್ಲವೂ ಮುಖ್ಯ ಎಂದು ಅಲ್ಲಿಗೆ ಸೇರಿಸಿದರೆ ಸರದಿ ಮತ್ತೆ ಮೊದಲಿನಂತೆಯೇ ಬೆಳೆಯುತ್ತದೆ. 4 ಎಂಬಿಪಿಎಸ್‌ನ 16 ಕ್ಯಾಮೆರಾ ಎಂದರೆ ಸರಾಸರಿ 64 ಎಂಬಿಪಿಎಸ್. ಪೂರ್ಣ ಚಿತ್ರದ ಫ್ರೇಮ್ ಬಂದಾಗಲೆಲ್ಲ ಅದು ಒಮ್ಮೆಲೇ ಉಕ್ಕುತ್ತದೆ. ಸಂಪೂರ್ಣ ಆದ್ಯತೆಯ ಪಾಲು ಲಿಂಕ್‌ನ ಮೂರನೇ ಒಂದು ಭಾಗ ಮೀರದಿರಲಿ ಎಂಬುದು ಸಿಸ್ಕೋ ಬಹುಕಾಲದಿಂದ ಹೇಳುತ್ತ ಬಂದ ಮಾತು.

ಹೊಸ ಕ್ಯಾಟಲಿಸ್ಟ್ 9000 ಸರಣಿಯಲ್ಲಿ ಕಥೆ ಬೇರೆ. ತಂತಿಯ ಪೋರ್ಟ್‌ಗಳು ಮೊದಲಿನಿಂದಲೇ ಗುರುತನ್ನು ನಂಬುತ್ತವೆ. ಕ್ಲಾಸ್-ಮ್ಯಾಪ್ ಬರೆದು, ಪಾಲಿಸಿ-ಮ್ಯಾಪ್‌ನಲ್ಲಿ ‘ಪ್ರಯಾರಿಟಿ ಲೆವೆಲ್ 1’ ಮತ್ತು ಉಳಿದ ಪಾಲುಗಳನ್ನು ಕೊಟ್ಟು ಪೋರ್ಟ್‌ಗೆ ಹೊರಮುಖವಾಗಿ ಅಂಟಿಸಬೇಕು. ವೆಬ್ ಪುಟದಿಂದ ನಿಭಾಯಿಸುವ ಅಗ್ಗದ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಪೋರ್ಟ್ ಆಧಾರಿತ, 802.1ಪಿ, ಡಿಎಸ್‌ಸಿಪಿ ಎಂಬ ಆಯ್ಕೆಗಳಿರುತ್ತವೆ. ಡಿಎಸ್‌ಸಿಪಿ ಆರಿಸಿ, 46 ಮೇಲಿನ ಸರದಿಗೆ ಹೋಗುತ್ತಿದೆಯೇ ನೋಡಿ, ಶೆಡ್ಯೂಲಿಂಗ್ (ಯಾವ ಸರದಿಯಿಂದ ಮೊದಲು ಕಳಿಸಬೇಕೆಂಬ ಕ್ರಮ) ಸ್ಟ್ರಿಕ್ಟ್ ಇರಲಿ.

ಚಾಲೂ ಮಾಡಿದ ಮೇಲೆ ಡ್ರಾಪ್ ಹೆಚ್ಚಾದರೆ

ಕ್ಯೂಒಎಸ್ ಹಾಕಿದ ಮರುದಿನ ‘ಫೋನ್ ಸರಿಹೋಯಿತು, ಫೈಲ್ ಸರ್ವರ್ ನಿಧಾನವಾಯಿತು’ ಎಂಬ ಮಾತು ಬಂದರೆ ಅದು ಜನರ ಭ್ರಮೆಯಲ್ಲ. 2960ರಂಥ ಸ್ವಿಚ್‌ನಲ್ಲಿ ಕ್ಯೂಒಎಸ್ ಇಲ್ಲದಾಗ ಪೋರ್ಟ್‌ನ ಬಫರನ್ನು ಎಲ್ಲ ಟ್ರಾಫಿಕ್ ಹಂಚಿಕೊಳ್ಳುತ್ತದೆ. ಚಾಲೂ ಮಾಡಿದಾಗ ಅದು ನಾಲ್ಕು ಸರದಿಗೆ ತಲಾ ಶೇ. 25ರಂತೆ ಹರಿದುಹೋಗುತ್ತದೆ. ಟ್ರಾಫಿಕ್‌ನ ಬಹುಪಾಲು ಡಿಎಸ್‌ಸಿಪಿ 0, ಅಂದರೆ ಎರಡನೆಯ ಸರದಿ. ಹೆಚ್ಚು ಹೊರೆ ಹೊರುವ ಸರದಿಗೇ ಕಾಲು ಪಾಲು ಜಾಗ. ‘ಎಂಎಲ್‌ಎಸ್ ಕ್ಯೂಒಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಬಫರ್ಸ್ 10 55 25 10’ ಎಂದು ಮರುಹಂಚಿಕೆ ಮಾಡಿ. ಆಮೇಲೂ ಡ್ರಾಪ್ ನಿಲ್ಲದಿದ್ದರೆ ಅದೇ ಸರದಿಯ ಥ್ರೆಶೋಲ್ಡ್ (ಎಷ್ಟು ತುಂಬಿದ ಮೇಲೆ ಬೀಳಿಸಬೇಕೆಂಬ ಮಿತಿ) ಏರಿಸಿ, ಸಾಮಾನ್ಯ ಬಫರ್ ರಾಶಿಯಿಂದ ಹೆಚ್ಚು ಎರವಲು ಪಡೆಯಲು ಬಿಡಿ. ಮಾತಿನ ಸರದಿಗೆ ದೊಡ್ಡ ಬಫರ್ ಬೇಡವೇ ಬೇಡ. ಅಲ್ಲಿ ಪ್ಯಾಕೆಟ್ ನಿಲ್ಲಲೇಬಾರದು.

ಇನ್ನೊಂದು ಶತ್ರು ಫ್ಲೋ ಕಂಟ್ರೋಲ್. 802.3ಎಕ್ಸ್‌ನ ಪಾಝ್ ಫ್ರೇಮ್ (ಸ್ವಲ್ಪ ಹೊತ್ತು ಕಳಿಸಬೇಡ ಎಂಬ ಸೂಚನೆ) ಬಂದರೆ ಪೋರ್ಟ್ ಪೂರ್ತಿ ನಿಲ್ಲುತ್ತದೆ, ದರ್ಜೆ ನೋಡುವುದಿಲ್ಲ. ಮಾತು ಹೋಗುವ ದಾರಿಯಲ್ಲಿ ಅದನ್ನು ಬಂದ್ ಮಾಡಿ.

ವೈಫೈ ಮೂಲಕ ಮಾತಾಡುವವರಿದ್ದರೆ ಆಕ್ಸೆಸ್ ಪಾಯಿಂಟ್‌ನ ನಕ್ಷೆಯನ್ನೂ ನೋಡಬೇಕು. ಹಲವು ಆಕ್ಸೆಸ್ ಪಾಯಿಂಟ್‌ಗಳು ಡಿಎಸ್‌ಸಿಪಿಯ ಮೇಲಿನ ಮೂರು ಬಿಟ್ ಮಾತ್ರ ಓದುತ್ತವೆ. 46 ಎಂದರೆ 101110. ಮೇಲಿನ ಮೂರು 101, ಅಂದರೆ 5. ವೈಫೈ ಲೆಕ್ಕದಲ್ಲಿ 5 ವಿಡಿಯೋ ದರ್ಜೆ, ಧ್ವನಿಗೆ ಮೀಸಲಾದವು 6 ಮತ್ತು 7. 46ನ್ನು 6ಕ್ಕೆ ಕಟ್ಟಬೇಕೆಂದು 2018ರ ಆರ್‌ಎಫ್‌ಸಿ 8325 ಹೇಳುತ್ತದೆ.

ಪರೀಕ್ಷೆ

ಮೊದಲು ಗುರುತು ತಲುಪುತ್ತಿದೆಯೇ ನೋಡಿ. ಕರೆ ನಡೆಯುತ್ತಿರುವಾಗ ಅಪ್‌ಲಿಂಕನ್ನು ಬೇರೊಂದು ಪೋರ್ಟ್‌ಗೆ ಮಿರರ್ (ನಕಲು) ಮಾಡಿ, ಪ್ಯಾಕೆಟ್ ಬಿಚ್ಚಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ಆರ್‌ಟಿಪಿ (ಮಾತು ಹೊರುವ) ಪ್ಯಾಕೆಟ್‌ನ ಡಿಎಸ್‌ಸಿಪಿ ಓದಿ. ಎರಡೂ ದಿಕ್ಕಿನಲ್ಲಿ 46 ಇರಬೇಕು. ಫೋನ್ ಇಲ್ಲದೆಯೂ ನೋಡಬಹುದು: ಲಿನಕ್ಸ್‌ನ ಪಿಂಗ್‌ಗೆ ಟಿಒಎಸ್ ಆಯ್ಕೆಯಲ್ಲಿ 184 ಕೊಟ್ಟು, ಡಿಎಸ್‌ಸಿಪಿ ನಂಬುವ ಪೋರ್ಟ್‌ನಿಂದ ಕಳಿಸಿ, ಆ ತುದಿಯಲ್ಲಿ ಟಿಸಿಪಿಡಂಪ್‌ನಿಂದ ಹಿಡಿಯಿರಿ.

ಆಮೇಲೆ ಲಿಂಕನ್ನು ಬೇಕೆಂದೇ ತುಂಬಿಸಿ. ಎರಡು ಕಂಪ್ಯೂಟರ್‌ಗಳಿಂದ ಐಪರ್ಫ್ (ಲಿಂಕ್ ತುಂಬಿಸಿ ವೇಗ ಅಳೆಯುವ ಪ್ರೋಗ್ರಾಂ) ಓಡಿಸಿ ಅಪ್‌ಲಿಂಕ್ ಉಕ್ಕುವಂತೆ ಮಾಡಿ, ಅದರ ನಡುವೆ ಕರೆ ಮಾಡಿ. ‘ಶೋ ಎಂಎಲ್‌ಎಸ್ ಕ್ಯೂಒಎಸ್ ಇಂಟರ್‌ಫೇಸ್’ ಕಮಾಂಡ್‌ನ ಸ್ಟಾಟಿಸ್ಟಿಕ್ಸ್ ಭಾಗದಲ್ಲಿ ಡ್ರಾಪ್ ಯಾವ ಸರದಿಯಲ್ಲಿ ಏರುತ್ತಿದೆ ಎಂದು ತಿಳಿಯುತ್ತದೆ. ಕಾನ್ಫಿಗರೇಶನ್‌ನಲ್ಲಿ ಸರದಿಗಳು 1ರಿಂದ 4, ಈ ಪಟ್ಟಿಯಲ್ಲಿ 0ಯಿಂದ 3. ಇಲ್ಲಿ ಕಾಣುವ ‘ಕ್ಯೂ 1’ ಎಂದರೆ ನೀವು ಬರೆದ ಎರಡನೆಯ ಸರದಿ. ಅಲ್ಲಿ ಡ್ರಾಪ್ ಕಂಡು ಮಾತು ಬೀಳುತ್ತಿದೆ ಎಂದುಕೊಂಡು ಸರಿಯಾಗಿರುವುದನ್ನು ಕೆಡಿಸಬೇಡಿ. ‘ಕ್ಯೂ 0’ ಸೊನ್ನೆಯಲ್ಲೇ ನಿಂತು, ಉಳಿದವು ಏರುತ್ತಿದ್ದರೆ ಕೆಲಸ ಸರಿಯಾಗಿದೆ.

ಇಂಟರ್ನೆಟ್ ಬಾಗಿಲು

ಇಷ್ಟೆಲ್ಲ ಮಾಡಿಯೂ ಹೊರಗಿನ ಕರೆ ಮಾತ್ರ ಕೆಡುತ್ತಿದ್ದರೆ ಸರದಿ ನಿಮ್ಮ ಸ್ವಿಚ್‌ನಲ್ಲಿ ಬೆಳೆಯುತ್ತಿಲ್ಲ. 100 ಎಂಬಿಪಿಎಸ್ ಇಂಟರ್ನೆಟ್ ಸಂಪರ್ಕ 1 ಜಿಬಿಪಿಎಸ್ ಪೋರ್ಟ್‌ಗೆ ಜೋಡಿಸಿರುತ್ತದೆ. ಪೋರ್ಟ್‌ಗೆ ದಟ್ಟಣೆ ಎಂಬುದೇ ಗೊತ್ತಿಲ್ಲ, ಬಂದದ್ದನ್ನೆಲ್ಲ ತಳ್ಳುತ್ತದೆ. ಸರದಿ ಬೆಳೆಯುವುದು ಸೇವೆ ಕೊಡುವವರ ಮೋಡೆಮ್ ಅಥವಾ ಅದರಾಚೆಯ ಸಾಧನದಲ್ಲಿ, ಅಲ್ಲಿ ನಿಮ್ಮ ಗುರುತಿಗೆ ಬೆಲೆ ಸಿಗುವ ಖಾತ್ರಿಯಿಲ್ಲ. ಸರದಿಯನ್ನು ನಿಮ್ಮ ಕೈಗೆ ಎಳೆದುಕೊಳ್ಳಬೇಕು: ರೂಟರ್‌ನ ಹೊರಮುಖ ಪೋರ್ಟ್‌ನಲ್ಲಿ ಒಟ್ಟು ವೇಗವನ್ನು 95 ಎಂಬಿಪಿಎಸ್‌ಗೆ ಶೇಪ್ ಮಾಡಿ, ಅದರೊಳಗೆ 46ಕ್ಕೆ ಆದ್ಯತೆ ಕೊಡಿ. ಸ್ವಿಚ್ ನೇರವಾಗಿ ಲೀಸ್ಡ್ ಲೈನ್‌ಗೆ ತಗುಲಿದ್ದರೆ, 2960ರಲ್ಲಿ ಎರಡೂ ತುದಿಯ ಪೋರ್ಟ್ ವೇಗವನ್ನು 100ಕ್ಕೆ ಕಟ್ಟಿ ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್ 90’ ಹಾಕಿದರೆ ಸುಮಾರು 90 ಎಂಬಿಪಿಎಸ್‌ನಲ್ಲಿ ಸರದಿ ಇಲ್ಲೇ ನಿಲ್ಲುತ್ತದೆ, ನಾಲ್ಕು ಸರದಿಗಳ ನಿಯಮ ಅಲ್ಲಿಯೂ ನಡೆಯುತ್ತದೆ. ಒಳಬರುವ ದಿಕ್ಕಿಗೆ ಇಷ್ಟು ಬಿಗಿ ಹಿಡಿತ ಸಿಗದು. ಅಲ್ಲಿ ಕೈಯಲ್ಲಿರುವುದು ದೊಡ್ಡ ಡೌನ್‌ಲೋಡ್‌ಗಳನ್ನು ರೂಟರ್‌ನಲ್ಲಿ ನಿಧಾನಗೊಳಿಸುವುದು, ಅಥವಾ ಗುರುತನ್ನು ಗೌರವಿಸುವ ಷರತ್ತನ್ನು ಲೀಸ್ಡ್ ಲೈನ್ ಒಪ್ಪಂದದಲ್ಲೇ ಬರೆಸಿಕೊಳ್ಳುವುದು. ಯಾವ ಡಿಎಸ್‌ಸಿಪಿ, ಎಷ್ಟು ಎಂಬಿಪಿಎಸ್‌ವರೆಗೆ, ಮೀರಿದ ಪ್ಯಾಕೆಟ್ ಬೀಳುತ್ತದೆಯೋ ಕೆಳದರ್ಜೆಗೆ ಇಳಿಯುತ್ತದೆಯೋ ಎಂಬ ಮೂರೂ ಅದರಲ್ಲಿ ಇರಲಿ.